ಅಡುಗೆಮನೆಗೆ ನಾಲ್ಕು

ವಯರ್ ಮೇಸ್ತ್ರಿ ಯಾವ ಹೊಸ ಕಟ್ಟಡಕ್ಕೆ ಕಾಲಿಟ್ಟರೂ ಮೊದಲು ನೋಡುತ್ತಿದ್ದುದು ಗೋಡೆಯನ್ನಲ್ಲ, ಮೀಟರ್ ಕೂರಿಸುವ ಜಾಗವನ್ನೂ ಅಲ್ಲ. ಮನೆಯಾದರೆ ಅಡುಗೆ ಮಾಡುವವರನ್ನು ಹುಡುಕಿಕೊಂಡು ಹೋಗುತ್ತಿದ್ದರು. ಆಸ್ಪತ್ರೆಯಾದರೆ ಆಯಾಳನ್ನು, ಕಾರ್ಖಾನೆಯಾದರೆ ಯಂತ್ರದ ಮುಂದೆ ನಿಲ್ಲುವವನನ್ನು. ಹೋಗಿ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಇಲ್ಲಿ ಏನೇನು ಒಟ್ಟಿಗೆ ಓಡುತ್ತೆ?"

ಏನೇನು ಇದೆ ಎಂದಲ್ಲ, ಏನೇನು ಒಟ್ಟಿಗೆ ಎಂದು. ಕಟ್ಟಡದ ಯಜಮಾನರನ್ನು ಕೇಳಿದರೆ ಅವರು ನಕ್ಷೆ ತೋರಿಸುತ್ತಿದ್ದರು. ಆದರೆ ಬೆಳಿಗ್ಗೆ ಆರೂವರೆಗೆ ಯಾವ ಯಾವ ಸ್ವಿಚ್ಚು ಕೆಳಗೆ ಬಿದ್ದಿರುತ್ತದೆ ಎಂಬುದು ನಕ್ಷೆಯಲ್ಲಿ ಇರುವುದಿಲ್ಲ.

ಆ ಪ್ರಶ್ನೆಯಿಂದಲೇ ಅವರಿಗೆ ಹೆಸರು ಬಂದಿತ್ತು. ಮೇಸ್ತ್ರಿ ಎಳೆದ ತಂತಿ ಬಿಸಿಯಾಗುವುದಿಲ್ಲ ಎಂದು ಜನ ಹೇಳುತ್ತಿದ್ದರು. "ಇದನ್ನೆಲ್ಲ ಯಾರು ಕಲಿಸಿದ್ದು?" ಎಂದು ಕೇಳಿದವರಿಗೆ ಮೇಸ್ತ್ರಿ, "ಅನುಭವ" ಎನ್ನುತ್ತಿದ್ದರು. ಅದು ಸುಳ್ಳು. ಪ್ರಶ್ನೆ ಅವರದಾಗಿರಲಿಲ್ಲ. ಈ ಮಾತು ಗೊತ್ತಿದ್ದದ್ದು ಅವರನ್ನು ಬಿಟ್ಟರೆ ಇನ್ನೊಬ್ಬಳಿಗೆ ಮಾತ್ರ. ಆಕೆ ಹೋಗಿ ಒಂಬತ್ತು ತಿಂಗಳಾಗಿತ್ತು.

ತಂತಿಯನ್ನು ಅಳೆಯುವುದು ಅದರೊಳಗಿನ ತಾಮ್ರದಿಂದ. ಅಡ್ಡಡ್ಡ ಕತ್ತರಿಸಿದರೆ ಕಾಣುವ ತಾಮ್ರ ಎಷ್ಟು ಚದರ ಮಿಲಿಮೀಟರ್ ಇದೆಯೋ ಅದೇ ಅದರ ಹೆಸರು: ಒಂದೂವರೆ, ಎರಡೂವರೆ, ನಾಲ್ಕು. ದೀಪಕ್ಕೂ ಫ್ಯಾನಿಗೂ ಒಂದೂವರೆ ಸಾಕು. ದೊಡ್ಡ ಪ್ಲಗ್ಗು ಒಂದೇ ಇದ್ದರೆ ಎರಡೂವರೆ. ಅದಕ್ಕಿಂತ ಭಾರದ್ದಕ್ಕೆ ನಾಲ್ಕು. ಇಷ್ಟು ಯಾವ ಅಂಗಡಿಯವನೂ ಹೇಳುತ್ತಾನೆ. ಮೇಸ್ತ್ರಿಗೆ ಇದರಾಚೆಯದೂ ಗೊತ್ತಿತ್ತು. ಮನೆಯಿಂದ ಇನ್ನೂರು ಅಡಿ ದೂರದ ಪಂಪಿನ ಕೋಣೆಗೆ ಒಂದು ಅಳತೆ ಹೆಚ್ಚು ದಪ್ಪದ್ದು ಬೇಕು, ದಾರಿ ಉದ್ದವಾದಷ್ಟೂ ಕರೆಂಟು ಸೊರಗುತ್ತದೆ. ಅದುರುವ ಯಂತ್ರಕ್ಕೆ ಒಂಟಿ ಗಟ್ಟಿ ತಂತಿ ಹಾಕಬಾರದು, ಮುರಿಯುತ್ತದೆ. ಕೂದಲಿನಂಥ ನೂರಾರು ಎಳೆಗಳದ್ದು ಬೇಕು. ಶಾಲೆಗೂ ಆಸ್ಪತ್ರೆಗೂ ಸುಟ್ಟರೂ ಹೊಗೆ ಕಡಿಮೆ ಬರುವ ಹೊದಿಕೆಯದ್ದು ಬೇಕು, ಯಾಕೆಂದರೆ ಅಂಥ ಕಡೆ ಜನ ಬೆಂಕಿಗಿಂತ ಮೊದಲು ಹೊಗೆಗೆ ಸಿಗುತ್ತಾರೆ.

ಇದನ್ನೆಲ್ಲ ಕಲಿತ ಮೇಸ್ತ್ರಿಗೆ ಬಾರದೆ ಉಳಿದ ವಿದ್ಯೆ ಒಂದೇ, ಬರವಣಿಗೆ. ಅವರ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಪ್ರತಿ ಕಟ್ಟಡದ ಫ್ಯೂಸ್ ಪೆಟ್ಟಿಗೆಯ ಬಾಗಿಲ ಒಳಮೈಗೆ ಒಂದು ಚೀಟಿ ಅಂಟಿಸಬೇಕು: ಯಾವ ಫ್ಯೂಸು ಯಾವ ಕೋಣೆಯದು, ಅಲ್ಲಿಗೆ ಎಳೆದ ತಂತಿ ಯಾವುದು. ಮದುವೆಯಾದ ಹೊಸದರಲ್ಲಿ ಹೆಂಡತಿ ಅಂಥದೊಂದು ಚೀಟಿಯನ್ನು ಕಂಡು ಬಿದ್ದು ಬಿದ್ದು ನಕ್ಕಿದ್ದಳು.

"ಏನ್ರೀ ಇದು, ಇರುವೆ ಮಸಿಯಲ್ಲಿ ಬಿದ್ದು ಎದ್ದು ಓಡಿಹೋದ ಹಾಗಿದೆ! ಕೊಡಿ ಇಲ್ಲಿ."

ಅಂದಿನಿಂದ ಚೀಟಿ ಬರೆಯುವ ಕೆಲಸ ಆಕೆಯದಾಯಿತು. ಮುತ್ತು ಪೋಣಿಸಿದಂಥ ಅಕ್ಷರ. ಮೇಸ್ತ್ರಿ ಹೇಳುತ್ತಿದ್ದರು, "ಮುಂದಿನ ಕೋಣೆ." ಆಕೆ "ಮುಂದಿನ ಕೋಣೆ" ಎಂದು ಮರಳಿ ಹೇಳಿ ಬರೆಯುತ್ತಿದ್ದಳು. "ಒಂದೂವರೆ." "ಒಂದೂವರೆ." ಪ್ರತಿಯೊಂದನ್ನೂ ಮರಳಿ ಹೇಳದೆ ಆಕೆಯ ಪೆನ್ನು ಕಾಗದ ಮುಟ್ಟುತ್ತಿರಲಿಲ್ಲ. ಮೊದಲ ಎರಡು ವರ್ಷ ಗಂಡನ ಜೊತೆ ಕಟ್ಟಡಗಳಿಗೂ ಹೋಗುತ್ತಿದ್ದಳು. ಅವರು ಪೈಪಿನೊಳಗೆ ತಂತಿ ಎಳೆಯುವಾಗ ಆಕೆ ಬಕೆಟ್ಟನ್ನು ಬೋರಲು ಹಾಕಿ ಕೂತು ಮನೆಯ ಹೆಂಗಸರೊಂದಿಗೆ ಮಾತಾಡುತ್ತಿದ್ದಳು.

ಹಾಗೆ ಕೂತು ಮಾತಾಡಿದ್ದು ಒಂದು ದಿನ ಜಗಳಕ್ಕೆ ಬಂತು. ಅದು ಜವಳಿ ವ್ಯಾಪಾರಿಯೊಬ್ಬರ ಎರಡು ಮಹಡಿಯ ಮನೆ. ಇಂದಿಗೆ ಮೂವತ್ತೊಂದು ವರ್ಷದ ಹಿಂದಿನ ಮಾತು. ಆಕೆ ಯಜಮಾನನ ಹೆಂಡತಿಯೊಂದಿಗೆ ಒಂದು ಗಂಟೆ ಮಾತಾಡಿ ಹೊರಗೆ ಬಂದಳು.

"ರೀ, ಅಡುಗೆಮನೆಗೆ ನಾಲ್ಕು ಎಳೀರಿ."

"ಯಾಕಂತೆ? ಎರಡೂವರೆ ಸಾಕು."

"ಬೆಳಿಗ್ಗೆ ಆರರಿಂದ ಏಳರ ತನಕ ಓವನ್ನೂ ಗೀಸರ್ರೂ ಒಟ್ಟಿಗೆ ಉರಿಯುತ್ತಂತೆ. ಹನ್ನೊಂದು ಜನರ ಮನೆ. ನೀವು ಎರಡಕ್ಕೂ ಸೇರಿಸಿ ಒಂದೇ ಲೈನು ಎಳೀತಿದ್ದೀರಲ್ಲ, ಅದಕ್ಕೆ ಕೇಳಿದೆ."

ಜವಳಿ ಯಜಮಾನ ಅಲ್ಲೇ ನಿಂತಿದ್ದರು. "ಏನ್ ಮೇಸ್ತ್ರಿ," ಎಂದು ನಕ್ಕರು, "ನಾನು ಕೆಲಸಕ್ಕೆ ಕರೆದಿದ್ದು ನಿಮ್ಮನ್ನೋ, ಇವರನ್ನೋ?"

ಗಾರೆ ಕೆಲಸದ ನಾಲ್ವರು ಕರಣೆ ಹಿಡಿದುಕೊಂಡೇ ನಕ್ಕರು. ಮೇಸ್ತ್ರಿಗೆ ಆಗ ಇಪ್ಪತ್ತೊಂಬತ್ತು. ಕಿವಿ ಬಿಸಿಯಾಯಿತು.

"ಬರೆಯೋಕೆ ಬಂದೋಳು ಬರೆಯೋ ಕೆಲಸ ನೋಡು," ಎಂದರು ಎಲ್ಲರ ಎದುರಿಗೆ. "ತಂತಿ ವಿಷಯ ನಿನಗೇನು ಗೊತ್ತು? ಹೇಳಿದಷ್ಟು ಬರಿ. ಅಡುಗೆಮನೆ. ಎರಡೂವರೆ."

ಆ ಸಲ ಆಕೆ ಮರಳಿ ಹೇಳಲಿಲ್ಲ. ಸುಮ್ಮನೆ ಬರೆದಳು. ದಾರಿಯಲ್ಲಿ ಬೇರೆ ಏನೇನೋ ಮಾತಾಡಿಕೊಂಡೇ ಮನೆಗೆ ಬಂದಳು, ಮುಖ ಊದಿಸಲಿಲ್ಲ. ಆದರೆ ಮತ್ತೆಂದೂ ಯಾವ ಕಟ್ಟಡಕ್ಕೂ ಹೋಗಲಿಲ್ಲ. "ಚೀಟಿ ಮನೆಗೇ ತನ್ನಿ, ಬರೆದುಕೊಡ್ತೀನಿ" ಎಂದಳು, ಅಷ್ಟೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮುಂದಿನ ಮನೆಯಲ್ಲಿ ಮೇಸ್ತ್ರಿ ತಾವೇ ಅಡುಗೆಮನೆಗೆ ಹೋಗಿ, ಬಾಗಿಲ ಬಳಿ ಒಂದಿಷ್ಟು ಹೊತ್ತು ನಿಂತು, "ಇಲ್ಲಿ ಏನೇನು ಒಟ್ಟಿಗೆ ಓಡುತ್ತೆ ಅಮ್ಮಾ?" ಎಂದು ಕೇಳಿದರು. ಆಮೇಲೆ ಕೇಳದೆ ಬಿಟ್ಟದ್ದೇ ಇಲ್ಲ. ಜವಳಿ ಯಜಮಾನರ ಮನೆಗೆ ಮಾತ್ರ ಹೋಗಿ ತಂತಿ ಬದಲಿಸಲಿಲ್ಲ. ಬದಲಿಸಬೇಕಾದರೆ ಯಾಕೆ ಎಂದು ಹೇಳಬೇಕಾಗುತ್ತಿತ್ತು. ದೂರು ಬಂದರೆ ನೋಡೋಣ ಎಂದುಕೊಂಡರು, ದೂರು ಬರಲಿಲ್ಲ.

ಹೆಂಡತಿಗೆ ತಪ್ಪಾಯಿತು ಎನ್ನಬೇಕು ಎಂದು ಅನ್ನಿಸಲಿಲ್ಲವೆಂದಲ್ಲ. ಇಂದು ಹೇಳೋಣ, ನಾಳೆ ಹೇಳೋಣ. ಒಂದೇ ಸೂರಿನಡಿ ಇರುವವರಿಗೆ ನಾಳೆಗಳಿಗೆ ಬರವೇ? ಆಕೆಯ ಕೊನೆಯ ವಾರದಲ್ಲಿ ಆಸ್ಪತ್ರೆಯ ಮಂಚದ ಪಕ್ಕ ಕೂತಿದ್ದರು. ಆಕೆ ತಲೆಯ ಹಿಂದಿನ ಗೋಡೆಯತ್ತ ಕಣ್ಣು ಹೊರಳಿಸಿ ಕೇಳಿದಳು:

"ಈ ಗೋಡೆಗೆ ಎಷ್ಟು ಎಳೆದಿದ್ದಾರೆ ರೀ?"

ಮೇಸ್ತ್ರಿ ಪ್ಲಗ್ಗುಗಳನ್ನು ಎಣಿಸಿದರು. "ನಾಲ್ಕು ಇರಬೇಕು."

"ಹಾಗಾದ್ರೆ ಯಾರನ್ನೋ ಕೇಳಿದ್ದಾರೆ," ಎಂದು ಆಕೆ ನಕ್ಕಳು.

ತಪ್ಪಾಯಿತು ಎಂಬ ಮಾತು ಮೇಸ್ತ್ರಿಯ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ನರ್ಸು ಬಾಟಲಿ ಬದಲಿಸಲು ಬಂದಳು. ಅವಳು ಹೋಗುವ ಹೊತ್ತಿಗೆ ಆಕೆಗೆ ನಿದ್ದೆ ಹತ್ತಿತ್ತು.

ಆಕೆ ತೀರಿಕೊಂಡ ಒಂಬತ್ತು ತಿಂಗಳ ಮೇಲೆ ಫೋನು ಬಂತು. ಜವಳಿ ಯಜಮಾನರ ಸೊಸೆ. ಮನೆಯಲ್ಲೇ ಕೇಕು ಮಾಡಿ ಮಾರುವ ಯೋಚನೆ, ಎರಡು ದೊಡ್ಡ ಓವನ್ ಕೊಂಡಿದ್ದಳು.

"ಹೊಸದಾಗಿ ಏನೂ ಬೇಡ ಮೇಸ್ತ್ರಿ, ಎರಡು ಪಾಯಿಂಟ್ ಸೇರಿಸಿ ಸಾಕು. ವಯರಿಂಗ್ ನೀವೇ ಮಾಡಿದ್ದಂತಲ್ಲ. ಕಲ್ಲಿನ ಹಾಗಿದೆ ಅಂತಾರೆ ನಮ್ಮ ಮಾವ."

ಮೇಸ್ತ್ರಿ ಮರುದಿನ ಬೆಳಿಗ್ಗೆಯೇ ಹೋದರು. ಹಜಾರದಲ್ಲಿ ಜವಳಿ ಯಜಮಾನ ಕುರ್ಚಿಯಲ್ಲಿ ಕೂತು ಬಿಸಿಲು ಕಾಯಿಸುತ್ತಿದ್ದರು. ಎಂಬತ್ತು ದಾಟಿತ್ತು. "ಓ, ಬನ್ನಿ ಮೇಸ್ತ್ರಿ!" ಎಂದು ಕೈ ಎತ್ತಿದರು. ಅವರ ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು ಎಂದು ಸೊಸೆ ಹೇಳಿದಳು.

ಮೇಸ್ತ್ರಿ ಅಡುಗೆಮನೆಯಲ್ಲಿ ನಿಂತು ಪ್ರಶ್ನೆ ಕೇಳಿದರು. ಎರಡು ಓವನ್, ಗೀಸರ್, ಮಿಕ್ಸರ್. ಹಬೆಯನ್ನೂ ವಾಸನೆಯನ್ನೂ ಹೊರಗೆ ತಳ್ಳುವ ಫ್ಯಾನು. ಮೇನ್ ಆಫ್ ಮಾಡಿ ಪ್ಲಗ್ಗಿನ ಫಲಕ ಬಿಚ್ಚಿದರು. ತಂತಿಯನ್ನು ಒಂದಿಷ್ಟು ಹೊರಗೆಳೆದು ಬಾಗಿಸಿದರು. ಕೆಂಪಗಿರಬೇಕಾದ ಹೊದಿಕೆ ಕಂದು ಬಣ್ಣಕ್ಕೆ ತಿರುಗಿತ್ತು. ಬಾಗಿಸಿದ ಕಡೆ ಒಣಗಿದ ಎಲೆಯ ಹಾಗೆ ಪುಡಿಪುಡಿಯಾಗಿ ಉದುರಿತು. ತಾಮ್ರ ಹೊರಗೆ ಕಂಡಿತು.

ಫ್ಯೂಸ್ ಪೆಟ್ಟಿಗೆಯ ಬಳಿ ಹೋಗಿ ಅಡುಗೆಮನೆಯ ಫ್ಯೂಸು ಕಿತ್ತು ನೋಡಿದರು. ಒಂದೆಳೆ ಇರಬೇಕಾದಲ್ಲಿ ಮೂರು ಎಳೆ ಹೊಸೆದು ಕಟ್ಟಿತ್ತು. ಫ್ಯೂಸು ಪದೇ ಪದೇ ಹೋಗುತ್ತಿತ್ತು, ಯಾರೋ ಬೇಸತ್ತು ದಪ್ಪ ಮಾಡಿದ್ದರು. ಸುಟ್ಟು ಎಚ್ಚರಿಸಬೇಕಾದದ್ದರ ಬಾಯಿ ಕಟ್ಟಿದ ಮೇಲೆ ಬಿಸಿಯನ್ನೆಲ್ಲ ಗೋಡೆಯೊಳಗಿನ ತಂತಿಯೇ ನುಂಗಬೇಕು. ಕರೆಂಟು ಎರಡರಷ್ಟು ಹರಿದರೆ ಬಿಸಿ ನಾಲ್ಕರಷ್ಟು. ಮೂವತ್ತೊಂದು ವರ್ಷ, ಪ್ರತಿ ಬೆಳಿಗ್ಗೆ ಒಂದು ಗಂಟೆ. ಈ ಮನೆಗೆ ಬೆಂಕಿ ಬೀಳದೆ ಇದ್ದದ್ದು ಮೇಸ್ತ್ರಿಯ ಕೆಲಸದಿಂದಲ್ಲ.

"ಏನಾಯ್ತು ಮೇಸ್ತ್ರಿ?" ಸೊಸೆ ಕೇಳಿದಳು.

ಹೇಳಲು ಸುಲಭದ ಮಾತೊಂದಿತ್ತು. ತಂತಿ ಹಳೆಯದಾಗಿದೆ, ಮೂವತ್ತು ವರ್ಷವಾಯಿತಲ್ಲ, ಬದಲಿಸಬೇಕು. ಯಾರೂ ಮರುಪ್ರಶ್ನೆ ಹಾಕುತ್ತಿರಲಿಲ್ಲ. ಮಾತಿನಲ್ಲಿ ಒಂದಕ್ಷರ ಸುಳ್ಳೂ ಇರುತ್ತಿರಲಿಲ್ಲ. "ಎಲ್ಲಾ ಬದಲಿಸಬೇಕಮ್ಮ," ಎಂದರು. "ತಂತಿ..." ಎಂದು ಅಲ್ಲಿಗೇ ನಿಲ್ಲಿಸಿ, ಪೆಟ್ಟಿಗೆಯ ಬಾಗಿಲಿನ ಚೀಟಿಯನ್ನು ಬಿಡಿಸತೊಡಗಿದರು. ಮಸಿ ಮಾಸಿದ್ದರೂ ಅಕ್ಷರ ಹಾಗೇ ಇತ್ತು, ಒಂದೊಂದೂ ಬಿಡಿಬಿಡಿ. ಅಡುಗೆಮನೆ, ಎರಡೂವರೆ. ಅಂಟು ಒಣಗಿ ಚೀಟಿ ಇಡಿಯಾಗಿ ಕೈಗೆ ಬಂತು. ತಿರುಗಿಸಿದರು. ಹಿಂದೆ ಮೂಲೆಯಲ್ಲಿ ಸಣ್ಣದಾಗಿ ಸೀಸದ ಕಡ್ಡಿಯಲ್ಲಿ ಬರೆದಿತ್ತು:

"ನಾನು ನಾಲ್ಕು ಅಂದೆ. ನೋಡೋಣ."

ಮೇಸ್ತ್ರಿಗೆ ಮೊದಲು ನಗು ಬಂತು. ಆ "ನೋಡೋಣ" ಎನ್ನುವಾಗ ಆಕೆ ಗಲ್ಲ ಎತ್ತುತ್ತಿದ್ದ ರೀತಿ ಕಣ್ಣಿಗೆ ಕಟ್ಟಿತು. ನಗುತ್ತಲೇ ಗೋಡೆಗೆ ಕೈಕೊಟ್ಟು ಏಣಿಯ ಕೆಳಮೆಟ್ಟಿಲ ಮೇಲೆ ಕೂತರು. ಆಮೇಲೆ ಬಹಳ ಹೊತ್ತು ಏಳಲಿಲ್ಲ. ಸೊಸೆ ನೀರು ತಂದುಕೊಟ್ಟಳು. ಕುಡಿದು, ಚೀಟಿ ಹಿಡಿದುಕೊಂಡೇ ಹಜಾರಕ್ಕೆ ಹೋದರು.

"ಯಜಮಾನ್ರೇ, ಒಂದು ಮಾತು ಹೇಳಬೇಕು. ನಿಮ್ಮ ಅಡುಗೆಮನೆಗೆ ನಾನು ತಪ್ಪು ತಂತಿ ಎಳೆದಿದ್ದೆ. ನಾಲ್ಕು ಎಳಿ ಅಂತ ಅವತ್ತೇ ನನ್ನ ಹೆಂಡತಿ ಹೇಳಿದಳು, ನಿಮ್ಮೆದುರಿಗೇ. ನಾನು ಕೇಳಲಿಲ್ಲ. ನಿನಗೇನು ಗೊತ್ತು ಅಂದುಬಿಟ್ಟೆ. ಅವಳು ಹೇಳಿದ್ದೇ ಸರಿ ಇತ್ತು."

ಯಜಮಾನರು ಹುಬ್ಬು ಗಂಟಿಕ್ಕಿ ಯೋಚಿಸಿದರು.

"ನಿಮ್ಮ ಹೆಂಡತಿನಾ? ನಿಮ್ಮ ಜೊತೆ ಯಾರಾದರೂ ಬಂದಿದ್ರಾ?"

"ಬಂದಿದ್ದಳು. ಚೀಟಿ ಬರೆಯೋಕೆ. ನೀವು ತಮಾಷೆ ಮಾಡಿದ್ರಿ, ಎಲ್ಲರೂ ನಕ್ಕರು."

"ಇಲ್ಲಪ್ಪ," ಎಂದು ಯಜಮಾನರು ಮೆಲ್ಲಗೆ ತಲೆಯಾಡಿಸಿದರು. "ಇಲ್ಲ, ನೆನಪಿಲ್ಲ. ನೀವೊಬ್ಬರೇ ಅಲ್ವಾ ಬಂದಿದ್ದು? ಕೆಲಸ ಮಾತ್ರ ಕಲ್ಲಿನ ಹಾಗೆ ಮಾಡಿದ್ರಿ."

ಯಾರ ಎದುರಿಗೆ ಮುಖ ಉಳಿಸಿಕೊಳ್ಳಲು ಆ ಮಾತು ಆಡಿದ್ದರೋ, ಆ ಮನುಷ್ಯನ ತಲೆಯಲ್ಲಿ ಆ ದಿನದ ಧೂಳೂ ಉಳಿದಿರಲಿಲ್ಲ. ಆಕೆ ಅಲ್ಲಿಗೆ ಬಂದಿದ್ದಳೆಂಬುದೇ ಉಳಿದಿರಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಸೊಸೆ ಮೇಸ್ತ್ರಿಯ ಹಿಂದೆಯೇ ಅಡುಗೆಮನೆಗೆ ಬಂದಳು. "ಒಂದು ವಿಷಯ ಮೇಸ್ತ್ರಿ," ಎಂದಳು. "ಫ್ಯೂಸು ಹೋದಾಗೆಲ್ಲ ನಮ್ಮತ್ತೆ ಗೊಣಗೋರು. 'ಆ ಹುಡುಗಿ ಅಂದೇ ಹೇಳಿದ್ದಳು, ಈ ಗಂಡಸರು ಕೇಳಿದರೆ ತಾನೆ' ಅಂತ. ಯಾವ ಹುಡುಗಿ ಅಂತ ನಾನು ಕೇಳಲೇ ಇಲ್ಲ."

"ಎಷ್ಟು ಸಲ ಅಂದಿರಬಹುದು?"

"ಅಯ್ಯೋ, ಲೆಕ್ಕ ಇದೆಯಾ? ವರ್ಷಗಟ್ಟಲೆ."

ವರ್ಷಗಟ್ಟಲೆ ಈ ಗೋಡೆಗಳ ನಡುವೆ ಆ ಮಾತು ಓಡಾಡಿಕೊಂಡೇ ಇತ್ತು. ಮನೆಯಿಂದ ಮನೆಗೆ ಹೋಗಿ ಹೆಂಗಸರನ್ನು ಕೇಳುತ್ತಿದ್ದ ಮೇಸ್ತ್ರಿ ಕೇಳದೆ ಬಿಟ್ಟದ್ದು ಈ ಒಂದು ಅಡುಗೆಮನೆ. ದೀಪದ ಬುಡದಲ್ಲೇ ಕತ್ತಲು. ಆ ಮಾತನ್ನು ಒಯ್ದು ಮುಟ್ಟಿಸಲು ತಮ್ಮ ಮನೆಯಲ್ಲಿ ಈಗ ಯಾರೂ ಇಲ್ಲ.

ಕೆಲಸ ನಾಲ್ಕು ದಿನ ಹಿಡಿಯಿತು. ಹಳೆಯ ತಂತಿಯನ್ನೆಲ್ಲ ಎಳೆದು ಹಾಕಿದರು. ಒಂದೊಂದು ಓವನ್ನಿಗೂ ಬೇರೆ ಬೇರೆ ನಾಲ್ಕು, ಗೀಸರಿಗೆ ಇನ್ನೊಂದು ನಾಲ್ಕು. ಹೊಸ ಪೆಟ್ಟಿಗೆ ಕೂರಿಸಿದರು. ಚೀಟಿ ಬರೆಯಲು ಕೂತಾಗ "ಅಡುಗೆಮನೆ" ಎಂದು ಗಟ್ಟಿಯಾಗಿ ಹೇಳಿ, ಮೂವತ್ತಮೂರು ವರ್ಷದ ರೂಢಿಯಂತೆ, ಕಾದರು. ಯಾರೂ ಮರಳಿ ಹೇಳಲಿಲ್ಲ. ಪೆನ್ನು ಕೈಯಲ್ಲೇ ಇತ್ತು.

"ಕೊಡಿ ಮೇಸ್ತ್ರಿ, ನಾನು ಬರೀತೀನಿ," ಎಂದಳು ಸೊಸೆ.

"ಬೇಡ ಕಣಮ್ಮ. ಇದನ್ನ ನಾನೇ ಬರೀಬೇಕು."

ಬರೆದರು. ಅಕ್ಷರ ಇರುವೆ ಮಸಿಯಲ್ಲಿ ಬಿದ್ದು ಎದ್ದು ಓಡಿದ ಹಾಗೇ ಬಂತು.

ಆಮೇಲೆ ಪರೀಕ್ಷೆ. ಎಲ್ಲವನ್ನೂ ಒಟ್ಟಿಗೆ ಹಾಕಿ ಒಂದು ಗಂಟೆ ಬಿಡುವುದು ಅವರ ಕ್ರಮ. ಎರಡೂ ಓವನ್ ಉರಿದವು, ಗೀಸರ್ ಗುಯ್‌ಗುಟ್ಟಿತು, ಫ್ಯಾನು ತಿರುಗಿತು. ಮೇಸ್ತ್ರಿ ಸ್ಟೂಲಿನ ಮೇಲೆ ಕೂತು ಗಡಿಯಾರ ನೋಡಿದರು. ಗಂಟೆ ತುಂಬಿದ ಮೇಲೆ ಎದ್ದು, ಪೆಟ್ಟಿಗೆಗೆ ಇಳಿಯುವ ತಂತಿಗಳ ಹೊದಿಕೆಯ ಮೇಲೆ ಅಂಗೈಯ ಹಿಂಬದಿಯನ್ನು ಒಂದೊಂದಾಗಿ ಇಟ್ಟು ನೋಡಿದರು. ಮಗುವಿನ ಜ್ವರ ನೋಡುವುದು ಹಾಗೆಯೇ.

"ನೋಡಿದೆ ಕಣೇ," ಎಂದರು.

ತಂತಿ ತಣ್ಣಗಿತ್ತು.