ಒಣಗದ ಕುಂಡ

ನಮ್ಮ ಮೇಸ್ತ್ರಿ ಹೋಮಕುಂಡ ಕಟ್ಟುವಾಗ ಯಾರ ಅವಸರಕ್ಕೂ ಜಗ್ಗುತ್ತಿರಲಿಲ್ಲ. ನೆಲಕ್ಕೆ ಮರಳು ಹಾಸಿ, ಮೂಲೆಯಿಂದ ಮೂಲೆಗೆ ದಾರ ಎಳೆದು, ಇಟ್ಟಿಗೆಗೆ ಮಣ್ಣು ಮೆತ್ತಿ, ಸುತ್ತ ಮೂರು ಮೆಟ್ಟಿಲು ಎಬ್ಬಿಸಿ, ಕೈ ತೊಳೆದು ಕೂತುಬಿಡುತ್ತಿದ್ದ. "ಒಣಗಲಿ" ಎನ್ನುವುದೊಂದೇ ಮಾತು. ಹಸಿ ಗೋಡೆಗೆ ಉರಿ ತಾಗಿದರೆ ಸಿಡಿಯುತ್ತದೆ. ಬೇರೆಯವರು ಕಟ್ಟಿದ್ದು ಎಲ್ಲಾದರೂ ಸಿಡಿದು, ಮನೆಯವರು ಅಪಶಕುನವೆಂದು ಮುಖ ಸಣ್ಣದು ಮಾಡಿಕೊಂಡರೆ, "ಶಕುನವೂ ಇಲ್ಲ, ಗಿಕುನವೂ ಇಲ್ಲ. ಮಣ್ಣು ಹಸಿ ಇತ್ತು, ಅಷ್ಟೇ" ಎಂದು ನಗಿಸುತ್ತಿದ್ದ.

ಹೆಂಡತಿಗೆ ಅವನ ಮೇಲೆ ಬೇರೆಯೇ ದೂರು. ಅವರ ಮನೆಯ ಹೊಸ್ತಿಲು ಮೊಣಕಾಲೆತ್ತರ; ಕೆಳಗೆ ಮೆಟ್ಟಿಲಿಲ್ಲ.

"ಊರವರ ಬೆಂಕಿಗೆ ಮೂರು ಮೆಟ್ಟಿಲು ಕಟ್ತೀರಿ, ಮನೇಲಿರೋಳಿಗೆ ಒಂದೂ ಇಲ್ಲ!"

"ಹಾರೋ ವಯಸ್ಸು ಕಣೇ ನಿಂದು."

"ಹೂಂ, ನಿಮ್ಮನ್ನ ಎತ್ಕೊಂಡೇ ಹಾರ್ತೀನಿ, ಇರಿ."

ಅವಳು ಆಸ್ಪತ್ರೆ ಸೇರಿ, ಡಾಕ್ಟರು ಕೈಚೆಲ್ಲಿದಂತೆ ಮಾತಾಡಿದಾಗ, ಮೇಸ್ತ್ರಿ ಮೊದಲ ಬಾರಿಗೆ ತನ್ನ ಅಂಗಳದಲ್ಲೇ ಕುಂಡ ಕಟ್ಟಿದ. ಅವಳ ಆಯಸ್ಸಿಗಾಗಿ ಹೋಮ. ಆದರೆ ಒಣಗುವವರೆಗೆ ಕಾಯುವಷ್ಟು ಧೈರ್ಯ ಅವನಲ್ಲಿ ಉಳಿದಿರಲಿಲ್ಲ. ಪುರೋಹಿತರು ತುಪ್ಪ ಹೊಯ್ದು ಉರಿ ಏಳುತ್ತಲೇ ಒಳಗೋಡೆ ಫಟ್ಟೆಂದು ಸಿಡಿದು ಒಂದು ಮಗ್ಗುಲು ಬಾಯಿಬಿಟ್ಟಿತು.

"ಮಣ್ಣು ಹಸಿ ಇತ್ತು ಮೇಸ್ತ್ರಿ, ನೀನೇ ಹೇಳೋ ಮಾತು," ಎಂದರು ಪುರೋಹಿತರು. "ಇದರಲ್ಲೇ ಮುಗಿಸೋಣ."

"ಬೇಡ ಸ್ವಾಮಿ. ಹೊಸದು ಕಟ್ತೀನಿ."

ಊರಿಗೆಲ್ಲ ಹೇಳಿದ ಮಾತು ಅವನಿಗೇ ನಾಟಲಿಲ್ಲ.

ಪಕ್ಕದಲ್ಲೇ ಇನ್ನೊಂದು ಎದ್ದಿತು. ಈ ಸಲ ಅವಸರವಿಲ್ಲ. ಮರುದಿನ ಬೆಳಿಗ್ಗೆ, ಆಸ್ಪತ್ರೆಯಲ್ಲಿ ಅಕ್ಕನ ಜೊತೆಗಿದ್ದ ನಾದಿನಿ ಫೋನ್ ಮಾಡಿದಳು.

"ಭಾವ, ಅಕ್ಕ ನಿಮ್ಮನ್ನೇ ಕೇಳ್ತಿದ್ದಾಳೆ. ಬೇಗ ಬನ್ನಿ."

"ಮಣ್ಣು ಇನ್ನೂ ತಣ್ಣಗಿದೆ ಕಣಮ್ಮ. ಸಂಜೆ ಹೋಮ ಮುಗಿಸಿ, ಅವಳ ಹಣೆಗಿಡೋಕೆ ರಕ್ಷೆ ತಗೊಂಡೇ ಬರ್ತೀನಿ."

"ರಕ್ಷೆ ಹಾಳಾಗ್ಲಿ ಭಾವ, ಮೊದಲು ನೀವು ಬನ್ನಿ!"

ಅವನು ಫೋನನ್ನು ಜೇಬಿಗಿಳಿಸಿ, ಅಂಗೈ ಊರಿ ಮತ್ತೆ ಗೋಡೆ ಮುಟ್ಟಿ ನೋಡಿದ. ಮಧ್ಯಾಹ್ನದ ಹೊತ್ತಿಗೆ, ಬಿಸಿಲು ಏರಿದ ಮೇಲೆ, ಅದು ಪೂರ್ತಿ ಒಣಗಿತು. ಪುರೋಹಿತರಿಗೆ ಹೇಳಿಕಳಿಸಬೇಕೆಂದು ಏಳುವಾಗ ಫೋನ್ ಬಂತು. ಆ ಕಡೆ ನಾದಿನಿ ಬರೀ ಅಳುತ್ತಿದ್ದಳು.

ಅವಳ ಕಾರ್ಯಗಳೆಲ್ಲ ಮುಗಿದ ಮೇಲೆ, ಬೆಂಕಿಯನ್ನೇ ಕಾಣದ ಆ ಕುಂಡವನ್ನು ಬಿಚ್ಚಿ, ಅದೇ ಇಟ್ಟಿಗೆಯಿಂದ ಹೊಸ್ತಿಲ ಕೆಳಗೊಂದು ಮೆಟ್ಟಿಲು ಕಟ್ಟಿದ. ಬಂದವರು ಅದನ್ನು ಹತ್ತಿ ಒಳಗೆ ಹೋಗುತ್ತಿದ್ದರು. ಅವನು ಮಾತ್ರ ಹಿತ್ತಲ ಬಾಗಿಲಿನಿಂದಲೇ ಓಡಾಡಿದ. ಅವನು ಆ ಮೆಟ್ಟಿಲು ದಾಟಿದ್ದು ಕಳೆದ ವಾರ, ನಾವು ಅವನ ಚಟ್ಟ ಹೊತ್ತು ಇಳಿಸುವಾಗ.