ಸೂಜಿ ಚುಚ್ಚಿದ್ದು ತಿಳಿಯದ ಬೆರಳು

ಕೌದಿಯ ತುಂಡಿನ ಮೇಲೆ ರಕ್ತದ ಚುಕ್ಕೆ ಮೊದಲು ಕಂಡದ್ದು ಮುಂಬೈ ಬದಿಯ ಠಾಣೆ ಊರಿನಿಂದ ಸಾನಪಾಡಾದ ನಮ್ಮ ಮನೆಗೆ ಬರುವ ಲೋಕಲ್ ರೈಲಿನಲ್ಲಿ. ಅವ್ವ ಪಕ್ಕದಲ್ಲಿ ಕೂತು ಹೊಲಿಯುತ್ತಿದ್ದಳು. ಕಲೆ ಹೋಗುವುದಿಲ್ಲ, ನೋಡಿ ಹೊಲಿ ಎಂದು ಗದರಿದೆ. ಅವಳು ಕೈ ತಿರುಗಿಸಿ ನೋಡಿಕೊಂಡಳು. ಕಿರುಬೆರಳಿಗೆ ಸೂಜಿ ಹೊಕ್ಕಿತ್ತು.

ಅವಳಿಗೆ ಗೊತ್ತೇ ಆಗಿರಲಿಲ್ಲ.

ನಾನು ಕಲೆಯನ್ನಷ್ಟೇ ನೋಡಿದೆ.

ಅವ್ವ ಕಲಬುರಗಿ ಕಡೆಯಿಂದ ಬಂದು ಇಲ್ಲಿಯ ಬಿಲ್ಡಿಂಗುಗಳಿಗೆ ಇಟ್ಟಿಗೆ ಹೊತ್ತವಳು. ಅವಳು ಹೊತ್ತಳು, ನಾನು ಬಿ.ಕಾಂ. ಮಾಡಿದೆ. ನಮ್ಮ ಮನೆತನದಲ್ಲಿ ಡಿಗ್ರಿ ಕಂಡವಳು ನಾನೊಬ್ಬಳೇ, ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ವಿಠ್ಠಲವಾಡಿಯ ಅವಳ ಖೋಲಿಯಲ್ಲಿ ಕೌದಿ ಹಾಸಿ ಹೊಲಿಯುವಷ್ಟು ನೆಲವಿಲ್ಲ. ಅದಕ್ಕೇ ಹಳೆ ಸೀರೆಗಳನ್ನು ಗೇಣಗಲ ತುಂಡು ಮಾಡಿ, ಚೀಲದಲ್ಲಿಟ್ಟುಕೊಂಡು, ಸೈಟಿನಲ್ಲಿ ಊಟದ ಬಿಡುವಿಗೆ, ರೇಷನ್ ಸಾಲಿನಲ್ಲಿ, ರೈಲಿನಲ್ಲಿ ಹೊಲಿದು, ಆಮೇಲೆ ಎಲ್ಲವನ್ನೂ ಕೂಡಿಸುತ್ತಿದ್ದಳು. ನನ್ನ ಮಗಳಿಗೆ ಈಗ ಐದು ವರ್ಷ. ಅಜ್ಜಿಯ ಕೌದಿ ಇಲ್ಲದೆ ಮಲಗುತ್ತಿರಲಿಲ್ಲ.

ಎರಡು ತಿಂಗಳಲ್ಲಿ ಅವ್ವನ ಕಿರುಬೆರಳು ಮಡಚಿಕೊಳ್ಳತೊಡಗಿತು. ಮೊಣಕೈ ಹತ್ತಿರ ಬಿಳಿಚಿದ ಮಚ್ಚೆ. ಸರ್ಕಾರಿ ಆಸ್ಪತ್ರೆಯ ಡಾಕ್ಟರು ಅವಳಿಗೆ ಕಣ್ಣು ಮುಚ್ಚಿಸಿ, ಹತ್ತಿಯಿಂದ ಮುಟ್ಟಿ, ಎಲ್ಲಿ ಮುಟ್ಟಿದೆ ಹೇಳಿ ಎಂದರು. ಅವ್ವ ಸುಮ್ಮನೆ ಕಾಯುತ್ತ ಕೂತಿದ್ದಳು. ಅವರು ಆಗಲೇ ಮೂರು ಸಲ ಮುಟ್ಟಿ ಆಗಿತ್ತು.

ಕುಷ್ಠ.

ಗುಣವಾಗುತ್ತದೆ ಎಂದರು. ಹನ್ನೆರಡು ತಿಂಗಳು ಎಂಡಿಟಿ ಮಾತ್ರೆ. ಮೊದಲ ಡೋಸ್ ಬಿದ್ದ ಮೇಲೆ ಯಾರಿಗೂ ಹರಡುವುದಿಲ್ಲ, ತಾಟು ಹಾಸಿಗೆ ಏನೂ ಬೇರೆ ಮಾಡಬೇಡಿ ಎಂದು ನನ್ನನ್ನೇ ನೋಡಿ ಹೇಳಿದರು. ನರದ ಬಾವು ಇಳಿಯುವವರೆಗೆ ಸೂಜಿ ಮುಟ್ಟಕೂಡದು. ನಮ್ಮನ್ನೆಲ್ಲ ತಪಾಸಣೆ ಮಾಡಿದರು. ಯಾರಿಗೂ ಏನೂ ಇರಲಿಲ್ಲ. ಮನೆಗೆ ಬಂದು ಆ ರೋಗದ ಬಗ್ಗೆ ನಾನೂ ಓದಿದೆ. ಡಾಕ್ಟರು ಹೇಳಿದ್ದೇ ಎಲ್ಲ ಕಡೆ ಇತ್ತು.

ಓದಿ ಮುಗಿಸಿ ಎದ್ದು, ಮಗಳ ಹಾಸಿಗೆಯ ಕೌದಿ ತೆಗೆದು, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಚಾವಣಿ ಕೆಳಗಿನ ಲಾಫ್ಟಿಗೆ ಹಾಕಿದೆ.

ಅವ್ವ ಬಂದಾಗ ಕೇಳಿದಳು. ಒಗೆಯಲು ಹಾಕಿದ್ದೇನೆ ಎಂದೆ. ಮುಂದಿನ ವಾರವೂ ಕೇಳಿದಳು. ಮಳೆ, ಒಣಗಿಲ್ಲ ಎಂದೆ. ಮಾತ್ರೆಯಿಂದ ಅವಳ ಮುಖ ಕಪ್ಪಾಗುತ್ತ ಬಂದಿತ್ತು. ಮಗಳನ್ನು ತೊಡೆ ಮೇಲೆ ಕೂರಿಸಿಕೊಳ್ಳುವ ಮೊದಲು ನನ್ನ ಕಡೆ ಒಮ್ಮೆ ನೋಡುತ್ತಿದ್ದಳು. ನಾನು ಅಡಿಗೆಮನೆಗೆ ಹೋಗಿಬಿಡುತ್ತಿದ್ದೆ.

ಮೂರನೇ ಸಲ ಉತ್ತರ ಕೊಟ್ಟಿದ್ದು ಮಗಳು. “ನಾನೀ, ಮಮ್ಮೀ ನೇ ಊಪರ್ ಛುಪಾಯಾ ಹೈ.” ಮಮ್ಮಿ ಮೇಲೆ ಬಚ್ಚಿಟ್ಟಿದ್ದಾಳೆ ಎಂದು.

ಅವ್ವ ಲಾಫ್ಟಿನ ಕಡೆ ನೋಡಲಿಲ್ಲ. ಕೈಯಲ್ಲಿದ್ದ ಚಹಾ ಕುಡಿದು ಮುಗಿಸಿದಳು.

“ಕೂಸಿನ ತಾಯಿ ಇದ್ದಿ, ಅಂಜಿದಿ. ಅದಕ್ಕ ನಾ ಏನೂ ಅನ್ನಂಗಿಲ್ಲ. ಸುಳ್ಳ್ಯಾಕ ಹೇಳ್ದಿ? ಅದನ್ನ ಕಲೀಲಿ ಅಂತ ಸಾಲಿಗಿ ಕಳಿಸಿದ್ನೇನು?”

ಖಾಲಿ ಲೋಟ ನನ್ನ ಕೈಗಿಟ್ಟು ಹೊರಟಳು.

ನಂತರ ಎರಡು ವಾರ ಅವಳು ಬರಲಿಲ್ಲ. ಫೋನ್ ಮಾಡಿದರೆ ಕಾಲುನೋವು ಎನ್ನುತ್ತಿದ್ದಳು. ಮೂರನೇ ಭಾನುವಾರ ನಾನೇ ವಿಠ್ಠಲವಾಡಿಗೆ ಹೋದೆ. ಕೌದಿಯನ್ನು ಮಗಳ ಹಾಸಿಗೆಗೆ ಮರಳಿ ಹಾಸಿದ್ದೇನೆ, ಬಾ ಎಂದೆ. ಅವಳು ನಂಬಿದಂತೆ ಕಾಣಲಿಲ್ಲ, ಆದರೆ ಚೀಲ ಎತ್ತಿಕೊಂಡಳು. ರೈಲಿನಲ್ಲಿ ಅದರಿಂದ ಅರೆಬರೆ ಹೊಲಿದ ತುಂಡೊಂದನ್ನು ತೆಗೆದು ನಾನು ಸೂಜಿ ಹಿಡಿದೆ. ಸ್ವಲ್ಪ ಹೊತ್ತು ನೋಡಿ, “ಎಮ್ಮಿ ನಡದಂಗ ಐತಿ ನಿನ್ನ ಹೊಲಗಿ. ಬಿಚ್ಚು,” ಎಂದಳು. ಬಿಚ್ಚಿದೆ. ಸಾನಪಾಡಾ ಬರುವವರೆಗೆ ನಾಲ್ಕು ಸಲ ಬಿಚ್ಚಿಸಿದಳು.

ಈಗ ಒಂಬತ್ತು ತಿಂಗಳ ಮಾತ್ರೆ ಮುಗಿದಿದೆ. ಬೆರಳು ಪೂರ್ತಿ ನೆಟ್ಟಗಾಗಿಲ್ಲ, ಇನ್ನಷ್ಟು ಮಡಚಿಯೂ ಇಲ್ಲ. ಅಷ್ಟಕ್ಕೆ ನಾನು ಋಣಿ. ಬೇಗ ತೋರಿಸಿದ್ದರೆ ಎಂದು ಡಾಕ್ಟರು ಒಮ್ಮೆ ಅಂದು ನಿಲ್ಲಿಸಿದ್ದರು. ಆ ಅರ್ಧ ಮಾತು ನನ್ನ ಪಾಲಿನದು.

ಇನ್ನೊಂದು ವಿಷಯವನ್ನೂ ಬರೆಯಬೇಕು. ಮಗಳನ್ನು ವರ್ಷಕ್ಕೊಮ್ಮೆ ತೋರಿಸಿದರೆ ಸಾಕು ಎಂದಿದ್ದಾರೆ. ನಾನು ಸ್ನಾನ ಮಾಡಿಸುವಾಗ ದಿನಾ ಅವಳ ಮೈ ನೋಡುತ್ತೇನೆ, ಎಲ್ಲಾದರೂ ಮಚ್ಚೆ ಇದೆಯೇ ಎಂದು. ಹೋದ ವಾರ ಅವ್ವ ಟವೆಲ್ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ನಾನು ನೋಡುವುದನ್ನು ನೋಡಿದಳು. ನನ್ನ ಕೈ ನಿಂತಿತು.

ಅವಳು ಒಳಗೆ ಬಂದು, ಮೊಮ್ಮಗಳ ಹೆಗಲು ಹಿಡಿದು ಬೆಳಕಿಗೆ ತಿರುಗಿಸಿದಳು.

“ಬೆನ್ನೂ ನೋಡಿಬಿಡವ್ವ,” ಎಂದಳು.