ಕೋಳಿ ಮದುವೆಯ ಕಾರ್ಡಿನಲ್ಲಿ ಬಿಟ್ಟುಹೋದವರು

ಕುಷ್ಟಗಿಯ ನಮ್ಮ ಓಣಿಯಲ್ಲಿ ಮದುವೆ ಕಾರ್ಡು ಅಚ್ಚು ಹಾಕುವವರು ಬಡೇಸಾಬರು. ಕಂಪ್ಯೂಟರಿನ ಮುಂದೆ ಕಾರ್ಡು ಜೋಡಿಸುತ್ತ ಕೂತಿದ್ದ ಅವರ ಮಗಳು ಅಂಜುಮ, ಒಂದು ದಿನ ಮಕ್ಕಳ ಪುಸ್ತಕ ಬರೆದು, ಪ್ರಕಾಶಕಿಯೂ ನಾನೇ ಎಂದುಬಿಟ್ಟಳು. ನಮ್ಮ ಓಣಿಯವರೇ ಆದ ಹಸನಬೀಯ ಕೋಳಿಗೂ ಹೊಳಿಯಪ್ಪನ ಹುಂಜಕ್ಕೂ ಮದುವೆ, ಅದೇ ಕತೆ. ಅರಿಷಿಣ ಹಚ್ಚುವಾಗ ಒಂದು ಪುಟದಲ್ಲಿ ಕನ್ನಡದ ಹಾಡು, ಎದುರು ಪುಟದಲ್ಲಿ ಅವರ ಮನೆಮಾತಾದ ದಖನಿ ಉರ್ದುವಿನ ಹಾಡು.

“ಇದೊಂದ ಪುಸ್ತಕ ನೋಡು,” ಎಂದರು ಬಡೇಸಾಬರು. “ಮಂದಿ ತಗೊಳ್ಳಲಿಲ್ಲಂದ್ರ ಮಷೀನು ಕಾರ್ಡಿಗಷ್ಟ.”

ಚಂದ ಕಾಣಲೆಂದು ಅಂಜುಮ ಕೊನೆಯ ಪುಟದಲ್ಲಿ ಕೋಳಿಯ ಮದುವೆ ಕಾರ್ಡು ಹಾಕಿದ್ದಳು. ‘ಸುಖಾಗಮನ ಬಯಸುವವರು’ ಎಂದು ಹಸನಬೀ, ಹೊಳಿಯಪ್ಪ, ಇಬ್ಬರದೇ ಹೆಸರು! ನಮ್ಮ ಕಡೆ ಕಾರ್ಡಿನಲ್ಲಿ ಹೆಸರು ಬಿಟ್ಟರೆ ಸ್ವಂತ ಸೋದರಮಾವನೂ ಹಂದರದಲ್ಲಿ ಕಾಲಿಡುವುದಿಲ್ಲ. ಸುದ್ದಿ ಓಣಿಗೆಲ್ಲ ಹಬ್ಬಿ, ಪುಸ್ತಕದ ಬಿಡುಗಡೆಗೆ ಬಂದವರು ಆ ಇಬ್ಬರು ಮತ್ತು ಕೋಳಿ; ಪುಸ್ತಕ ಯಾರೂ ಕೊಳ್ಳಲಿಲ್ಲ. ನಾನೂ ಹೋಗಲಿಲ್ಲ. ಸಿಟ್ಟೇನಿಲ್ಲ ಬಿಡಿ, ಎದುರುಮನೆಯವನೇ ನೆನಪಾಗದಿದ್ದರೆ ನಾನೇನು ಮಾಡಲಿ!

ಹಸನಬೀಯ ಪಕ್ಕದ ಮನೆಯ ಪಕ್ಕೀರವ್ವ ಮಾತ್ರ ಅಂಗಡಿಗೇ ಬಂದಳು. “ಯಾಕಬೇ ಅಂಜುಮಾ, ಆ ಕೋಳಿಗೆ ದಿನಾ ಜ್ವಾಳ ಹಾಕಾಕಿ ನಾನು. ಲಗ್ನಕ್ಕ ನಾ ಬ್ಯಾಡಾದ್ನೇನು?”

ಅಂಜುಮ ಹಣೆ ಹಣೆ ಬಡಿದುಕೊಂಡಳು. “ಕಾರ್ಡು ಮಾಡಾಕಿ ಆಗಿ ಇಷ್ಟೂ ಹೊಳೀಲಿಲ್ಲಲ್ಲ ನನಗ!”

ಅಪ್ಪನನ್ನು ಗೋಗರೆದು ಇನ್ನೊಮ್ಮೆ ಅಚ್ಚು ಹಾಕಿಸಿದಳು. ಈ ಸಲ ಕಾರ್ಡೇ ಇಲ್ಲ. ಓಣಿಯವರನ್ನೆಲ್ಲ ಕತೆಯೊಳಗೇ ಚೆಲ್ಲಿದ್ದಳು. ದರ್ಜಿ ವಿರುಪಣ್ಣ ಕೋಳಿಗೆ ಕುಪ್ಪಸ ಹೊಲಿದ. ನಾನು ಹಂದರದ ಮೇಲಿಂದ ಬಿದ್ದೆ. ಹೆಸರು ಹುಡುಕಬೇಕಾದರೆ ಪೂರ್ತಿ ಓದಲೇಬೇಕು. ಓದಲು ಬಾರದ ಪಕ್ಕೀರವ್ವ ಮೊಮ್ಮಗಳು ಶ್ವೇತಾಳಿಂದ ಓದಿಸಿದಳು. ತನ್ನ ಹೆಸರು ಬಂದದ್ದೇ, “ಹ್ಞಾಂ, ಈಗ ಛಲೋ ಆತು. ಮತ್ತ ಮೊದಲಿಂದ ಓದು,” ಎಂದಳು. ಪುಸ್ತಕ ವಾರದೊಳಗೆ ಖಾಲಿ.

ಬಡೇಸಾಬರು ಮಾತ್ರ ಮುಖ ಊದಿಸಿಕೊಂಡು ಕೂತಿದ್ದರು. “ಊರ ಮಂದಿ ಎಲ್ಲಾ ಅದಾರ. ಹಡೆದ ಅಪ್ಪ ಎಲ್ಲಿ?”

“ಅದೀರಲ್ರಿ ಅಬ್ಬಾ. ಮಗಳ ಲಗ್ನ ಬ್ಯಾಡಂತ ಮಾಳಿಗಿ ಮ್ಯಾಲೆ ಸಿಟ್ಟಿಲೆ ಕುಂತ ಮುದಿ ಹುಂಜ ಯಾರು ಅಂದ್ಕೊಂಡ್ರಿ?”

ಬಡೇಸಾಬರು ಕನ್ನಡಕ ಹಾಕಿಕೊಂಡು ಪುಟ ತಿರುವಿದರು. ಕೊನೆಯ ಚಿತ್ರದಲ್ಲಿ ಮುದಿ ಹುಂಜ ಮಾಳಿಗೆಯಿಂದ ಇಳಿದು ಮಗಳ ಪಕ್ಕ ನಿಂತಿತ್ತು.

“ಮುಂದಿನ ಪುಸ್ತಕ ಯಾವಾಗ ಅಚ್ಚಿಗೆ ಕೊಡ್ತಿ?” ಎಂದರು. “ಅದರಾಗರ ನನ್ನ ಮನಷ್ಯಾನ್ನ ಮಾಡು.”